ಹುಲಿಗೆಮ್ಮ ಕಟ್ಟಿಸಿದ ಉಸಿರು

“ಅದನ್ನ ಹತ್ತಿಸಬ್ಯಾಡಪ್ಪ. ನನ್ನ ಮಗಳ ಉಸಿರು ಅದ್ರಾಗೈತೆ.”

ಹುಲಿಗೆಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಹೇಳಿದಳು. ಜಂಪಣ್ಣ ನಕ್ಕ ನಗೆಗೆ ಕಪಾಟಿನ ಕೀಬೋರ್ಡುಗಳೆಲ್ಲ ಹಲ್ಲು ಕಿರಿದವು. ಅವನು ಹೊಳಲ್ಕೆರೆಯಿಂದ ಬಂದು ಹಿರಿಯೂರಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ತೆರೆದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದರೆ ನೀರು ಹಿರಿಯೂರಿನತ್ತ ಇಳಿಯುತ್ತದೆ. ಈತನ ಬಡಾಯಿ ಮಾತ್ರ ಕಟ್ಟೆ ಹತ್ತಿ, ಹಿಂದಕ್ಕೆ ಹರಿದು ಹೊಸದುರ್ಗ ಮುಟ್ಟಿತ್ತು. ಚಿತೆಯ ಮೇಲಿಟ್ಟ ಲ್ಯಾಪ್‌ಟಾಪನ್ನೂ ಎಬ್ಬಿಸಿ ಕೂರಿಸುತ್ತೇನೆ ಎಂದು ಟೀ ಅಂಗಡಿಯಲ್ಲಿ ಸಾರಿದ್ದ.

ಆಕೆ ಹೇಳಿದ್ದಿಷ್ಟು. ಮಗಳು ಸ್ವಾತಿ ಕಾಲೇಜಿಗೆ ಹೋಗುವಾಗ ಮೆದುಳುಜ್ವರ ಬಂದು ಮಲಗಿದವಳು ಮತ್ತೆ ಏಳಲಿಲ್ಲ. ಆಸ್ಪತ್ರೆಯವರು ಮನೆಗೆ ಒಯ್ಯಿರಿ ಎಂದಾಗ ತಾಯಿ ಹೋಗಿ ಬಾಗೂರಿನಾಚೆಯ ಒಬ್ಬ ಮಂತ್ರವಾದಿಯ ಕಾಲು ಹಿಡಿದಳು. ಹುಡುಗಿಯ ಜೀವವೆಲ್ಲ ಯಾವುದರ ಮೇಲಿತ್ತೋ ಆ ಲ್ಯಾಪ್‌ಟಾಪಿನೊಳಗೇ ಅವನು ಅವಳ ಕೊನೆಯುಸಿರನ್ನು ಕಟ್ಟಿಹಾಕಿದ. ಅದು ಹತ್ತದಿರುವ ತನಕ ಇವಳು ಆರುವುದಿಲ್ಲ ಎಂದ. ಮೊನ್ನೆ ಮನೆಗೆ ಸುಣ್ಣ ಬಳಿಯುವಾಗ ಏನೂ ತಿಳಿಯದ ಗಂಡ ಅದನ್ನು ಗುಜರಿಗೆ ಹಾಕಿದ. ಗುಜರಿಯಿಂದ ಅದು ಜಂಪಣ್ಣನ ಮೇಜಿಗೆ ಬಂದಿತ್ತು.

ಜಂಪಣ್ಣನೇನು ಕಟುಕನಲ್ಲ. ಆದರೆ ಕೆಟ್ಟ ಮಾಲನ್ನು ಕೆಟ್ಟದ್ದಾಗಿಯೇ ಕೊಟ್ಟು ಕಳಿಸಿದರೆ ಹೆಸರು ಉಳಿಯುತ್ತದೆಯೇ? ಆಕೆ ಕೈ ಚಾಚಿದಾಗ ಅವನು ಅದನ್ನು ಮೇಲಿನ ಕಪಾಟಿಗೆ ಎತ್ತಿಟ್ಟ.

“ಸಂಜಿಗೆ ಬಾರವ್ವ. ಹತ್ತಿಸಿ, ಪುಕ್ಕಟೆ ಕೊಡ್ತೀನಿ.”

“ನಂಗೆ ಮಗಳು ಬೇಕಪ್ಪ. ಲೈಟಲ್ಲ.”

ಮಗಳಿಗೆ ಗಂಜಿ ಕುಡಿಸುವ ಹೊತ್ತಾಗಿತ್ತು. ತಿರುತಿರುಗಿ ನೋಡುತ್ತ ಹಿಂದಿನ ಬೀದಿಯ ಮನೆಗೆ ಹೋದಳು.

ಜಂಪಣ್ಣ ಕೆಲಸಕ್ಕೆ ಕೂತ. ಚಾರ್ಜರ್ ಬದಲಿಸಿದ. ಬೆಳಕಿಲ್ಲ. ಹಿಂಬದಿ ಬಿಚ್ಚಿದ. ಬ್ಯಾಟರಿ ಹಪ್ಪಳದಂತೆ ಉಬ್ಬಿತ್ತು. ಕಿತ್ತು ಹೊರಗಿನ ಮರಳಿನ ಬಕೆಟ್ಟಿಗೆ ಹಾಕಿದ. ಬರೀ ಕರೆಂಟಿನಲ್ಲೇ ಓಡಲಿ, ಯಾರಪ್ಪನ ಗಂಟು ಹೋಗುತ್ತದೆ? ಸ್ವಿಚ್ ಒತ್ತಿ ಹಿಡಿದ. ಉಸಿರಿಲ್ಲ. ರ್‍ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿದ. ಅದರ ಕೆಳಗೆ ಕಪ್ಪು ದಾರವಿತ್ತು. ಉದ್ದನೆಯ ಕೂದಲು ಸುತ್ತಿದ ಗಂಟು. ಮುಟ್ಟಿದ್ದೇ ತಡ ಅರಿಶಿನ, ಸುಟ್ಟ ಲೋಬಾನ, ಹಳೆಯ ಜ್ವರದ ಬೆವರು ಒಟ್ಟಿಗೇ ಮೂಗಿಗೆ ನುಗ್ಗಿದವು. ಊರಿನ ನಾಯಿಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದವು. ಅವನ ಕೈ ಒಂದು ಗಳಿಗೆ ನಿಂತಿತು. ಶಾರ್ಟ್ ಸರ್ಕ್ಯೂಟಿಗೆ ಕಾರಣ ಇಷ್ಟೇನಾ ಎಂದುಕೊಂಡು ಕತ್ತರಿಸಿಬಿಟ್ಟ.

ಒತ್ತಿದ.

ಹತ್ತಿತು. ಫ್ಯಾನು ತಿರುಗಿತು. ಎಳೆಯಿತು. ಬಿಟ್ಟಿತು. ಎಳೆಯಿತು. ಬಿಟ್ಟಿತು. ಯಂತ್ರ ಹಾಗೆ ಸದ್ದು ಮಾಡುವುದಿಲ್ಲ. ಒಳಗಿನಿಂದ ಬಂದ ಬಿಸಿ ಮಣಿಕಟ್ಟಿಗೆ ತಾಗಿತು. ತೇವವಾಗಿತ್ತು.

ಹಿಂದಿನ ಬೀದಿಯಲ್ಲಿ ಒಂದು ಕೂಗು ಎದ್ದಿತು.

ಹುಲಿಗೆಮ್ಮ ಓಡಿ ಬಂದಾಗ ಸೆರಗಿನ ಮೇಲೆಲ್ಲ ಗಂಜಿ ಚೆಲ್ಲಿತ್ತು. ಬೈಯಲಿಲ್ಲ. ಮಣ್ಣು ತೂರಲಿಲ್ಲ. ಮೇಜಿನ ಮೇಲೆ ಬಾಗಿ ಕಿವಿಯಿಟ್ಟಳು. ಅಲ್ಲಿ ಹಾಸಿಗೆಯ ಮೇಲೆ ನಿಂತುಹೋದದ್ದು ಇಲ್ಲಿ ಆಡುತ್ತಿತ್ತು.

“ಆರಿಸಬ್ಯಾಡಪ್ಪ,” ಎಂದಳು. “ಹಿಂಗೇ ಇರ್ಲಿ ಬಿಡು. ಇಷ್ಟಾದ್ರೂ ಇರ್ಲಿ.”

ಜಂಪಣ್ಣ ಗೋಡೆಯ ಪ್ಲಗ್ಗನ್ನು ಇನ್ನಷ್ಟು ಒಳಗೆ ಒತ್ತಿದ. ಹೊರಗೆ ದೀಪ ಹಚ್ಚುವ ಹೊತ್ತು. ದಿನಾ ಇದೇ ಹೊತ್ತಿಗೆ ಕರೆಂಟು ತೆಗೆಯುತ್ತಾರೆ ಎಂಬುದು ನೆನಪಾದದ್ದು ಆಗ. ಬಕೆಟ್ಟಿಗೆ ಓಡಿದ. ಮರಳು ಕೆದಕಿದ. ಉಬ್ಬಿದ ಬ್ಯಾಟರಿ ಕೈಗೆ ಸಿಕ್ಕಿತು. ತಿರುಗಿದ.

ಕತ್ತಲು.

ಎಳೆಯಿತು. ನಿಧಾನಕ್ಕೆ ಬಿಟ್ಟಿತು. ಮತ್ತೆ ಎಳೆಯಲಿಲ್ಲ.

ಕರೆಂಟು ಬಂದಾಗ ಜಂಪಣ್ಣ ಸ್ವಿಚ್ ಒತ್ತಿದ. ಮೊದಲ ಸಲಕ್ಕೇ ಹತ್ತಿತು. ಪರದೆ ಹೊಸದರಂತೆ ಬೆಳಗಿತು. ಫ್ಯಾನು ಒಂದೇ ಸಮನೆ ಗುಂಯ್‌ಗುಟ್ಟಿತು. ಹುಲಿಗೆಮ್ಮ ಮತ್ತೆ ಕಿವಿಯಿಟ್ಟಳು. ಬಹಳ ಹೊತ್ತು ಇಟ್ಟೇ ಇದ್ದಳು.

“ಇದು ಬರೀ ಫ್ಯಾನಪ್ಪ,” ಎಂದಳು.