ಪಟ್ಟಿಯಲ್ಲಿ ಇಲ್ಲದ ವಿಷ

ಲಾರಿ ಎರಡನೇ ಸಲ ಗುದ್ದಿತು!

ಬೈಕ್ ಶಿರಹಟ್ಟಿ ರಸ್ತೆ ಬಿಟ್ಟು ಹೊಲಕ್ಕೆ ಹಾರಿತು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಅಂಗಿಯೊಳಗಿನ ಬಾಟಲಿ ಹಿಡಿದು ಉರುಳಿದೆ. ಹಿಂದಿನ ದಿನ ಮಳೆಯಾಗಿತ್ತು. ಎರೆಮಣ್ಣು ಮೆತ್ತಗಿತ್ತು... ಎಲುಬು ಉಳಿದವು.

ಬಾಟಲಿಯೂ ಉಳಿಯಿತು.

ಒಳಗಿದ್ದದ್ದು ಕಾಲು ಲೀಟರ್ ಶೇಂಗಾ ಎಣ್ಣೆ. ಅಷ್ಟಕ್ಕೆ ನನ್ನನ್ನು ಕೊಲ್ಲಲು ಬಂದಿದ್ದರು!

ಲಾರಿಯೂ ಹೊಲಕ್ಕೆ ನುಗ್ಗಿ, ಚಕ್ರ ಹೂತು ನಿಂತಿತು. ದುರ್ಗೇಶ ಕೆಳಗಿಳಿದ. ಲಕ್ಷ್ಮೇಶ್ವರದ ಎಣ್ಣೆ ಗಿರಣಿಯ ಸಾವ್ಕಾರ ಅಂದಪ್ಪನ ಡ್ರೈವರ್. ಕೈಯಲ್ಲಿ ಕಬ್ಬಿಣದ ರಾಡು.

"ಬಾಟ್ಲಿ ಕೊಡಲೇ ಕಳಕ್ಯಾ!"

"ಬಂದು ತಗೋ."

ಹೇಳಿಬಿಟ್ಟೆ. ಆದರೆ ನನ್ನ ಬಳಿ ಒಂದು ಕಲ್ಲೂ ಇರಲಿಲ್ಲ...

ತಡೆಯಿರಿ. ಇದು ಶುರುವಾದದ್ದು ಹೇಗೆ ಅಂತ ಮೊದಲು ಹೇಳುತ್ತೇನೆ.

ನಾನು ಕಳಕೇಶ. ಪೊಲೀಸ್ ಕೆಲಸ ಬಿಟ್ಟು ಗದಗಿನಲ್ಲಿ ಖಾಸಗಿ ತನಿಖೆ ಮಾಡುವವನು. ನನ್ನನ್ನು ಕರೆಸಿದವನು ಇದೇ ಅಂದಪ್ಪ.

"ಬೆಟಗೇರಿ ಮಂದಿ ನನ್ನ ಎಣ್ಣಿಗೆ ಕೆಟ್ಟ ಹೆಸರಿಡಾಕತ್ತಾರ. ಲ್ಯಾಬಿಗೆ ಕೊಟ್ಟು, ಸ್ವಚ್ಛ ಐತಿ ಅಂತ ರಿಪೋರ್ಟ್ ತಂದು ಕೊಡ್ರಿ. ಸಾಕು."

ಬೆಟಗೇರಿಯ ನೇಕಾರರ ಓಣಿಗೆ ಹೋದೆ. ಹಗಲು ಹೊತ್ತು. ಮಗ್ಗದ ಸದ್ದಿಗೆ ಅಲ್ಲಿ ಮಾತೇ ಕೇಳಿಸಬಾರದು. ಅವತ್ತು ನನ್ನ ಚಪ್ಪಲಿ ಸದ್ದು ನನಗೇ ಕೇಳಿಸುತ್ತಿತ್ತು.

ಆಮೇಲೆ ಇನ್ನೊಂದು ಸದ್ದು.

ಟಪ್... ಟಪ್... ಟಪ್...

ಗೋಡೆ ಹಿಡಿದು ಒಬ್ಬ ಹೆಂಗಸು ಬರುತ್ತಿದ್ದಳು. ಮೊಣಕಾಲು ಎತ್ತರಕ್ಕೆ ಎತ್ತುತ್ತಿದ್ದಳು. ಪಾದ ಮಾತ್ರ ಜೋತು ಬಿದ್ದು, ಒದ್ದೆ ಬಟ್ಟೆಯಂತೆ ನೆಲಕ್ಕೆ ಬಡಿಯುತ್ತಿತ್ತು. ಹೆಸರು ಅಮೃತವ್ವ. ಸೀರೆ ನೇಯುವವಳು.

"ಏನಾತ್ರಿ ಅವ್ವಾರ?"

"ಮೊದಲ ಮೀನಖಂಡ ಹಿಡಕೊಂಡ್ವು. ಆಮ್ಯಾಲ ಪಾದ ಬಿದ್ದು ಹೋದ್ವು. ಮಗ್ಗದ ಕುಣ್ಯಾಗ ಇಳಿತೀನಿ... ತುಳಿ ಹಲಗಿ ಒತ್ತಾಕ ಆಗವಲ್ದು." ತನ್ನ ಪಾದವನ್ನೇ ದಿಟ್ಟಿಸಿದಳು. "ಇವು ನನ್ನ ಕಾಲಲ್ಲಪಾ. ಯಾರೋ ಸತ್ತವ್ರ ಕಾಲು ತಂದು ಹಚ್ಯಾರ."

ಓಣಿಯ ಅರ್ಧ ಮನೆಗಳಲ್ಲಿ ಇದೇ ಕತೆ. ಅವಳ ಆ ಮಾತು ನನ್ನ ಬೆನ್ನು ಹತ್ತಿತು. ಚಹಾ ಕುಡಿಯುವಾಗಲೂ ಬಿಡಲಿಲ್ಲ.

ಕಾಲು ಬಿದ್ದವರ ಮನೆಯ ಎಣ್ಣೆ, ಗಟ್ಟಿಯಾಗಿದ್ದವರ ಮನೆಯ ಎಣ್ಣೆ... ಎರಡನ್ನೂ ಹುಬ್ಬಳ್ಳಿಯ ಒಂದು ಲ್ಯಾಬಿಗೆ ಕೊಟ್ಟೆ. ರಿಪೋರ್ಟ್ ಬಂತು. ವಿಷ ಇಲ್ಲ! ಅಂದಪ್ಪ ನನ್ನ ಬಾಯಿಗೇ ಪೇಢೆ ತುರುಕಿದ.

ಎರಡು ದಿನ ಬಿಟ್ಟು ಫೋನ್. ಆ ಲ್ಯಾಬಿನ ಅಂಕಿತಾ. ಶಿರಹಟ್ಟಿಯ ಹುಡುಗಿ, ರಸಾಯನಶಾಸ್ತ್ರ ಓದಿದವಳು.

"ಅಣ್ಣಾರ, ಆ ರಿಪೋರ್ಟ್ ನಂಬಿ ಕುಂಡ್ರಬ್ಯಾಡ್ರಿ."

"ವಿಷ ಇಲ್ಲ ಅಂತ ನೀವ ಬರದೀರಲ್ರಿ?"

"ಪಟ್ಟಿಯೊಳಗಿನ ವಿಷ ಇಲ್ಲ ಅಂತ ಬರದೀವಿ. ಬೆಳಿಗೆ ಹೊಡಿಯೂ ಔಷಧ, ಸೀಸ, ಪಾದರಸ... ಹೇಳಿದ್ದನ್ನಷ್ಟ ಮಷೀನು ಹುಡುಕತೈತಿ. ನನಗ ಸಮಾಧಾನ ಆಗಲಿಲ್ಲ. ಪಟ್ಟಿ ಬಿಟ್ಟು ಮತ್ತೊಮ್ಮೆ ನೋಡಿದೆ."

ಲ್ಯಾಬಿಗೆ ಓಡಿದೆ. ಮಾಸ್ ಸ್ಪೆಕ್ಟ್ರೋಮೀಟರ್ ಅಂತ ಒಂದು ಯಂತ್ರ. ಎಣ್ಣೆಯೊಳಗಿನ ಒಂದೊಂದು ಅಣುವಿನ ತೂಕ ಹಿಡಿಯುತ್ತದಂತೆ. ಪರದೆಯ ಮೇಲೆ ಸಾವಿರಾರು ಗೆರೆ. ಕಾಲು ಬಿದ್ದ ಮನೆಗಳದ್ದು ಮೇಲೆ, ಗಟ್ಟಿ ಇದ್ದವರದ್ದು ಕೆಳಗೆ. ಎಲ್ಲಾ ಒಂದೇ ತರಹ...

ಒಂದು ಗೆರೆ ಬಿಟ್ಟು!

"ಇದರ ತೂಕ 369.125," ಅಂಕಿತಾ ಬೆರಳಿಟ್ಟಳು. "ಕಾಲು ಬಿದ್ದ ಮನಿ ಎಣ್ಣ್ಯಾಗ ಎಲ್ಲಾದ್ರಾಗೂ ಐತಿ. ಉಳದವ್ರ ಮನ್ಯಾಗ ಒಂದರಾಗೂ ಇಲ್ಲ. ಅಣು ಒಡದು ಚೂರಿನ ತೂಕಾನೂ ನೋಡಿದೆ. ಟ್ರೈಕ್ರೆಸಿಲ್ ಫಾಸ್ಫೇಟ್ ಇದ್ದಂಗೈತಿ. ಮಷೀನಿನ ಆಯಿಲಿಗೆ ಹಾಕ್ತಾರ. ಬಣ್ಣ ಇಲ್ಲ, ವಾಸನಿ ಇಲ್ಲ. ತಿಂದಾಗ ಏನೂ ಆಗೂದಿಲ್ಲ... ಎರಡು ಮೂರು ವಾರಕ್ಕ ಕಾಲಿನ ನರ ಸಾಯ್ತಾವ."

"ಹಂಗಾರ ಸಿಕ್ಕಂಗಾತು!"

"ಇಲ್ರಿ. ಇನ್ನೂ ಅನುಮಾನ ಅಷ್ಟ. ಆ ರಾಸಾಯನಿಕದ ಶುದ್ಧ ಮಾಲು ತರಿಸಿ ಪಕ್ಕಕ್ಕಿಟ್ಟು ನೋಡಬೇಕು. ಗಿರಣಿ ಡ್ರಮ್ಮಿನ ಎಣ್ಣಿನೂ ಬೇಕು."

ಅದಕ್ಕೇ ಆ ಬೆಳಿಗ್ಗೆ ಅಂದಪ್ಪನ ಗೋದಾಮಿಗೆ ನುಗ್ಗಿ ಡ್ರಮ್ಮಿನಿಂದ ಬಾಟಲಿ ತುಂಬಿಕೊಂಡದ್ದು. ಅದಕ್ಕೇ ಲಾರಿ, ಅದಕ್ಕೇ ರಾಡು...

ದುರ್ಗೇಶ ನನ್ನತ್ತ ಓಡಿ ಬಂದ.

ಟಪ್... ಟಪ್...

ಬಲಗಾಲು ಎತ್ತಿ ಎತ್ತಿ ಬಡಿಯುತ್ತಿದ್ದ! ನಾನು ಮುಟ್ಟುವ ಮೊದಲೇ ಮುಗ್ಗರಿಸಿ ಬಿದ್ದ. ಎದ್ದ. ಮತ್ತೆ ಬಿದ್ದ.

ಬೈಕ್ ಎತ್ತಿ ಓಡಿಬಿಡಬಹುದಿತ್ತು. ಓಡಲಿಲ್ಲ.

"ಕಾಲು ಹಿಂಗಾಗಿ ಎಷ್ಟು ದಿನಾತು?"

"ನಿನಗ್ಯಾಕಲೇ?"

"ಲಾರಿ ಹೊಲಕ್ಕ ಯಾಕ ಬಂತು? ಬ್ರೇಕ್ ಒತ್ತಾಕ ಆಗಲಿಲ್ಲ, ಹೌದಿಲ್ಲೋ?"

ಅವನು ತನ್ನ ಬಲಗಾಲು ನೋಡಿಕೊಂಡ.

"ಮನ್ಯಾಗ ಯಾವ ಎಣ್ಣಿ?"

"ಸಾವ್ಕಾರ್ರು ಪುಕ್ಕಟೆ ಕೊಟ್ಟದ್ದು. ಡಬ್ಬಿಗಟ್ಲೆ..."

"ಮನ್ಯಾಗ ಮತ್ಯಾರಿಗೆ ಹಿಂಗಾಗೇತಿ?"

ರಾಡು ಕೆಸರಿಗೆ ಬಿತ್ತು.

"ಚನ್ನಿ... ನನ್ನ ಹೆಂಡ್ತಿ. ಮೊನ್ನೆ ಕೊಡ ಹೊತಗೊಂಡು ಬಿದ್ಲು. ಕಣ್ಣಿಲ್ಲೇನು ಅಂತ ಬೈದೆ ಅಕೀಗೆ."

ಅಷ್ಟು ದೊಡ್ಡ ಆಳು ಎರೆಮಣ್ಣಿನಲ್ಲಿ ಕೂತು ಅತ್ತ. ಆಮೇಲೆ ಎಲ್ಲಾ ಹೇಳಿದ. ಮುಚ್ಚಿದ ಕಾರ್ಖಾನೆಯ ಹಳೇ ಡ್ರಮ್ಮು. ತಳದಲ್ಲಿ ಮಷೀನಿನ ಆಯಿಲ್ ಇನ್ನೂ ಇತ್ತು. ತೊಳೆಯೋಣ ಅಂದರೆ ಅಂದಪ್ಪ ಬೇಡ ಅಂದು, ಅದರಲ್ಲೇ ಶೇಂಗಾ ಎಣ್ಣೆ ತುಂಬಿಸಿದ್ದ. ಬೆಟಗೇರಿಯ ಸುದ್ದಿ ಬಂದ ಮೇಲೂ ಎಣ್ಣೆ ಚೆಲ್ಲಿರಲಿಲ್ಲ.

"ಉಳದ ಡ್ರಮ್ಮು ಎಲ್ಲಿ ಅದಾವ?"

"ಮುಂಡರಗ್ಯಾಗ. ಸಾಮೂಹಿಕ ಮದುವಿ ಊಟಕ್ಕ ಸಾವ್ಕಾರ್ರು ದಾನಾ ಕೊಟ್ಟಾರ."

"ಯಾವತ್ತು?"

"ಇವತ್ತ!"

ಬೈಕಿನ ಕಿಕ್ ಒದ್ದೆ. ಪುಣ್ಯಕ್ಕೆ ಚಾಲೂ ಆಯಿತು. ದುರ್ಗೇಶ ಹಿಂದೆ ಕೂತ. ಪಾದ ಫುಟ್‌ರೆಸ್ಟ್ ಮೇಲೆ ನಿಲ್ಲುತ್ತಿರಲಿಲ್ಲ, ಟವೆಲ್‌ನಿಂದ ಬಿಗಿದುಕೊಂಡ. ದಾರಿಯುದ್ದಕ್ಕೂ ಒಂದೇ ಮಾತು. "ಜಲ್ದಿ ಹೊಡಿ... ಜಲ್ದಿ..."

ಮುಂಡರಗಿಯ ಪೆಂಡಾಲಿನಲ್ಲಿ ಬಾಸಿಂಗ ಕಟ್ಟಿಕೊಂಡ ಜೋಡಿಗಳು ಸಾಲಾಗಿ ಕೂತಿದ್ದವು. ಹಿಂದುಗಡೆ ಅಡಿಗೆ ಹುಚ್ಚೀರಪ್ಪನ ದೊಡ್ಡ ಕಡಾಯಿ. ಎಣ್ಣೆ ಕಾದಿತ್ತು. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಅವನ ಕೈಯಲ್ಲಿತ್ತು.

"ಬಿಡಬ್ಯಾಡ್ರೀ! ಎಣ್ಣ್ಯಾಗ ವಿಷ ಐತಿ!" ನಾನು ಕೂಗಿದೆ.

ಜನ ಎದ್ದರು. ಅಂದಪ್ಪ ಹಾರ ಹಾಕಿಕೊಂಡೇ ಬಂದ. ಜೇಬಿನಿಂದ ಕಾಗದ ತೆಗೆದು ಎತ್ತಿ ಹಿಡಿದ.

"ಲ್ಯಾಬಿನ ರಿಪೋರ್ಟ್ ನೋಡ್ರಿ! ವಿಷ ಇಲ್ಲ ಅಂತೈತಿ! ತಂದಾವ ಯಾರು ಗೊತ್ತೈತೇನು? ಇವನ!"

ಖರೆ. ತಂದವನು ನಾನೇ. ಯಾರೋ ನನ್ನ ಕೊರಳಪಟ್ಟಿ ಹಿಡಿದರು. ಬೆನ್ನಿಗೆ ಎರಡು ಬಿದ್ದವು.

ಆಗ ದುರ್ಗೇಶ ನಡೆದ.

ಮಾತಾಡಲಿಲ್ಲ. ಬರಿಗಾಲಲ್ಲಿ ಪೆಂಡಾಲಿನ ನಡುವೆ ಹಲಗೆ ಹಾಸಿದ ದಾರಿಯಲ್ಲಿ ಸಾವ್ಕಾರನತ್ತ ನಡೆದ. ಟಪ್... ಟಪ್... ಬ್ಯಾಂಡಿನವರು ನಿಲ್ಲಿಸಿದರು. ನನ್ನ ಕೊರಳು ಹಿಡಿದ ಕೈ ಸಡಿಲವಾಯಿತು.

ಹುಚ್ಚೀರಪ್ಪ ಕೇಳಿದ, "ಕಾಲಿಗೇನಾತೋ ದುರ್ಗ್ಯಾ?"

"ಇದ ಎಣ್ಣಿ ತಿಂದೆ, ಮಾವಾ."

ಹುಚ್ಚೀರಪ್ಪ ಒಲೆ ಆರಿಸಿದ.

ಡ್ರಮ್ಮು ಉರುಳಿಸಲು ಹೋದ ದುರ್ಗೇಶನನ್ನು ನಾನೇ ತಡೆದೆ. ಅವು ಸಾಕ್ಷಿ. ಪೊಲೀಸರು ಬಂದು ಮುದ್ರೆ ಹಾಕಿದರು. ಅಂದಪ್ಪನನ್ನು ಹಾರದ ಸಮೇತ ಜೀಪ್ ಹತ್ತಿಸಿದರು. ಅವತ್ತು ಮದುವೆ ಊಟಕ್ಕೆ ಅನ್ನ, ಸಾರು ಅಷ್ಟೇ.

ಶುದ್ಧ ಮಾಲು ಬಂದ ದಿನ ಅಂಕಿತಾ ಫೋನ್ ಮಾಡಿದಳು. "ಗೆರಿ ಮ್ಯಾಲ ಗೆರಿ ಕುಂತೈತ್ರಿ, ಅಣ್ಣಾರ. ಅದ ಐತಿ." ದನಿಯಲ್ಲಿ ಖುಷಿ ಇರಲಿಲ್ಲ.

ಅಮೃತವ್ವನಿಗೆ ಹೇಳಲು ಹೋದೆ. ಕಟ್ಟೆಯ ಮೇಲೆ ಕೂತು ನೂಲು ಸುತ್ತುತ್ತಿದ್ದಳು. ವಿಷದ ಹೆಸರು ಹೇಳಿದೆ. ನಾಲಿಗೆ ಹೊರಳಿಸಿ ನೋಡಿದಳು, ಹೊರಳಲಿಲ್ಲ.

"ಹೆಸರು ತಗೊಂಡು ಏನ್ ಮಾಡ್ಲೆಪಾ? ಕಾಲು ತಿರುಗಿ ಬರ್ತಾವೇನು?"

"ಒಬ್ಬೊಬ್ರಿಗೆ ಸ್ವಲ್ಪ ಬರ್ತಾವಂತ್ರಿ..."

ಅವಳು ಮತ್ತೆ ನೂಲು ಸುತ್ತಿದಳು. ಹಿಂದೆ ಕುಣಿಯಲ್ಲಿ ಮಗ್ಗ ಖಾಲಿ ಇತ್ತು. ಈಗಲೂ ಯಾರಾದರೂ ಹಿಂದಿನಿಂದ ನಡೆದು ಬಂದರೆ ನಾನು ಮೊದಲು ಪಾದ ನೋಡುತ್ತೇನೆ.

ಅಂದಪ್ಪ ಜಾಮೀನಿನ ಮೇಲೆ ಹೊರಗಿದ್ದಾನೆ. ಕೇಸು ಇನ್ನೂ ನಡೆಯುತ್ತಿದೆ. ಮೊನ್ನೆ ಸಾಕ್ಷಿ ಹೇಳಿ ಹೊರಬಂದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಕೋರ್ಟಿನೆದುರು ಮಿರ್ಚಿ ಭಜಿ ಗಾಡಿ.

"ಬರ್ರಿ ಸಾಹೇಬ್ರ, ಬಿಸಿ ಅದಾವು!"

"ಎಣ್ಣಿ ಎಂಥಾದ್ದು?"

"ಚಿಂತಿ ಬಿಡ್ರಿ! ಟೆಸ್ಟ್ ಆಗೇತಿ, ರಿಪೋರ್ಟ್ ಐತಿ!"

ಪಕ್ಕದ ಗಾಡಿಯಲ್ಲಿ ಬಾಳೆಹಣ್ಣು ಕೊಂಡೆ. ಸಿಪ್ಪೆ ನಾನೇ ಸುಲಿದೆ.