ಎಡಗೈ ಎತ್ತಿದ ಏಸು

ನನಗೂ ತಿಬೋಗೂ ಜಗಳ ತಂದಿಟ್ಟದ್ದು ಏಸುವಿನ ಕೈ, ನಂಬಿದರೆ ನಂಬಿ.

ತಿಬೋ ಪ್ಯಾರಿಸ್ಸಿನ ಹರಾಜು ಸಂಸ್ಥೆಯೊಂದರಲ್ಲಿ ಸುತ್ತಿಗೆ ಹಿಡಿದು ಹರಾಜು ಕೂಗುವವನು. ನಾನು ನೋಲ್ವೆನ್, ಅಲ್ಲೇ ಹಳೆಯ ಚಿತ್ರಗಳನ್ನು ನೋಡಿ ಇದು ಇಂಥವರದು ಎಂದು ಹೇಳುವವಳು. ಅವತ್ತು ಮೇಜಿನ ಮೇಲಿದ್ದದ್ದು ನಾನೂರು ವರ್ಷದ ಕಾಗದ, ಅದರಲ್ಲಿ ಕೆಂಪು ಸೀಮೆಸುಣ್ಣದಲ್ಲಿ ಬರೆದ, ಆಶೀರ್ವದಿಸುವ ಏಸು. ಗೀಟುಗಳೆಲ್ಲ ಎಡಚರು ಎಳೆದಂತೆ ವಾಲಿದ್ದವು. ಹಾಗಾಗಿ ಇದು ರೋಮಿನ ಒಬ್ಬ ಪ್ರಸಿದ್ಧ ಎಡಚ ಕಲಾವಿದನದೇ ಎಂದು ನಮ್ಮ ಯಜಮಾನ ಬೆರ್ತಿಯೊ ಊರೆಲ್ಲ ಸಾರಿಬಿಟ್ಟಿದ್ದ.

"ಏಸು ಯಾವ ಕೈ ಎತ್ತಿದ್ದಾನೆ ನೋಡು," ಎಂದೆ.

ತಿಬೋ ತನ್ನದೇ ಕೈ ಎತ್ತಿ ಹೋಲಿಸಿಕೊಂಡ. "ಎಡ... ಅಯ್ಯೋ ದೇವರೇ!"

"ಎಡಗೈಯಲ್ಲಿ ಆಶೀರ್ವಾದ ಮಾಡೋ ಏಸುನ ಯಾರಪ್ಪಾ ಬರೀತಾರೆ? ಇದು ಮೂಲ ಚಿತ್ರದ ಮೇಲೆ ಒದ್ದೆ ಕಾಗದ ಒತ್ತಿ ತೆಗೆದ ಅಚ್ಚು ಕಣೋ. ಕನ್ನಡೀಲಿ ಕಂಡ ಹಾಗೆ ಕೈಯೂ ತಿರುಗಿದೆ, ಗೀಟೂ ತಿರುಗಿದೆ. ಎಡಚನೂ ಇಲ್ಲ, ಏನೂ ಇಲ್ಲ."

"ಬೆರ್ತಿಯೊಗೆ ಹೇಳಿದ್ಯಾ?"

"ಹೇಳ್ದೆ. ಬಾಯ್ಮುಚ್ಕೊಂಡು ಇದು ಅಸಲಿ ಅನ್ನೋ ಪತ್ರಕ್ಕೆ ಸಹಿ ಹಾಕಿ, ಇಲ್ಲಾಂದ್ರೆ ಬಾಗಿಲು ಅಲ್ಲಿದೆ ಅಂದ್ರು."

ತಿಬೋ ನನ್ನ ಕೆನ್ನೆಗೆ ಬಿದ್ದ ಕೂದಲನ್ನು ಮೆಲ್ಲಗೆ ಕಿವಿಯ ಹಿಂದೆ ಸರಿಸಿದ. "ಹಾಕ್ಬಿಡೇ ನೋಲ್. ಇಲ್ಲಿಂದ ಆಚೆ ಹಾಕಿದ್ರೆ ಬೇರೆ ಯಾರೂ ನಿನ್ನ ಸೇರಿಸ್ಕೊಳ್ಳಲ್ಲ."

ಆ ಬೆರಳಿಗೆ ನಾನು ಯಾವತ್ತೂ ಕರಗುವವಳೇ. ಅವತ್ತು ಮಾತ್ರ ಮೈಯೆಲ್ಲ ಉರಿಯಿತು.

"ನನ್ನ ಕಣ್ಣು ಅಂದ್ರೆ ಪ್ರಾಣ ಅಂತೀಯಲ್ಲ, ಅದು ನೋಡಿದ್ದನ್ನ ನಂಬಲ್ವಾ?"

"ನಂಬ್ತೀನಿ ಮಾರಾಯ್ತಿ! ಅದಕ್ಕೇ ಭಯ."

ಕೋಟು ಎತ್ತಿಕೊಂಡು ಹೊರಟುಬಂದೆ.

ನಾನು ಸಹಿ ಹಾಕಲಿಲ್ಲ. ಬೆರ್ತಿಯೊ ತಾನೇ ಹಾಕಿಕೊಂಡು, ಹರಾಜು ಮುಗಿದ ಮೇಲೆ ನಿಮ್ಮ ವಿಚಾರ ಎಂದ. ಹರಾಜಿನ ದಿನ ಹೋಗಿ ಮುಂದಿನ ಸಾಲಿನಲ್ಲೇ ಕುಳಿತೆ. ಏಸುವಿನ ಸರದಿ ಬಂದಾಗ ತಿಬೋ ನನ್ನತ್ತ ನೋಡಿದ. ಬೇಡ ಕಣೇ ಎನ್ನುವ ನೋಟ. ನಾನು ಎದ್ದು ನಿಂತೆ.

"ಇದು ಆ ಕಲಾವಿದ ಬರೆದದ್ದಲ್ಲ!"

"ಕೂತ್ಕೊಳ್ಳಿ ಮೇಡಮ್!" ಬೆರ್ತಿಯೊ ಕಿರುಚಿದ. "ತಿಬೋ, ನೀನು ಶುರು ಮಾಡು!"

ತಿಬೋನ ಕಿವಿಗಳು ಕೆಂಪಗಾದವು. ಅವನು ಸುತ್ತಿಗೆಯನ್ನು ಕೆಳಗಿಟ್ಟ.

"ಮಸ್ಯೊ ಬೆರ್ತಿಯೊ, ಈ ಹರಾಜು ಕಟ್ಟೆ ಮೇಲೆ ನಾನು ನಿಂತಿರೋವರೆಗೂ ಇಲ್ಲಿ ನಂದೇ ಮಾತು. ಹೇಳಿ ಮೇಡಮ್, ಹಿಂದಿನವರಿಗೂ ಕೇಳಲಿ."

ಹೇಳಿದೆ. ಏಸು ಎತ್ತಿದ್ದು ಯಾವ ಕೈ ಎಂದೂ ಕೇಳಿದೆ. ಜನ ತಮ್ಮ ತಮ್ಮ ಕೈ ಎತ್ತಿ ನೋಡಿಕೊಂಡು ನಗತೊಡಗಿದರು. ಲಕ್ಷಗಟ್ಟಲೆ ಬರಬೇಕಿದ್ದ ಚಿತ್ರ ನೂರರ ಲೆಕ್ಕದಲ್ಲಿ ಹೋಯಿತು.

"ನಾಳೆಯಿಂದ ಇಬ್ರೂ ಈ ಕಡೆ ತಲೆ ಹಾಕ್ಬೇಡಿ!" ಬೆರ್ತಿಯೊ ಅಬ್ಬರಿಸಿದ.

"ನಾಳೆ ತನಕ ಯಾಕೆ, ಈಗಲೇ ಹೊರಟ್ವಿ," ಎಂದೆ.

ತಿಬೋ ಕಟ್ಟೆ ಇಳಿದು ಎದುರು ಬಂದು ನಿಂತ. ತುಟಿ ಆಗಲೂ ತುಂಟತನ ಬಿಟ್ಟಿರಲಿಲ್ಲ. "ಕೆಲಸ ಇಲ್ಲದವನನ್ನ ಮದುವೆ ಆಗ್ತೀಯಾ?"

ತುಂಬಿದ ಸಭೆಯಲ್ಲೇ ಅವನ ಟೈ ಹಿಡಿದೆಳೆದು ಮುತ್ತಿಟ್ಟೆ.

"ಕೆಲಸ ಇದ್ದಾಗ, ನಿನ್ನೆ ಕೇಳಿದ್ದಿದ್ರೆ," ಎಂದೆ, "ಇಲ್ಲ ಅಂತಿದ್ದೆ."