ನೊರೆ ನಿಲ್ಲದ ಮೂಲೆ

ನನ್ನ ಗಂಡ ಸತ್ತಾಗ ಬಿಟ್ಟುಹೋದದ್ದು ನನ್ನನ್ನು ಮತ್ತು ಬ್ಯಾಟರಿಯಲ್ಲಿ ಓಡುವ ಒಂದು ಹಳೇ ಟ್ರ್ಯಾಕ್ಟರನ್ನು. ಇಬ್ಬರಿಗೂ ತುಕ್ಕು ಹಿಡಿದಿತ್ತು. ಬ್ಯಾಟರಿಗಳನ್ನು ಎಂದೋ ಇಳಿಸಿದ್ದೆವು, ಆದರೆ ಅವು ಕಾರಿದ ಆಸಿಡ್ ಅವನ್ನಿಟ್ಟಿದ್ದ ಕಬ್ಬಿಣದ ಪೆಟ್ಟಿಗೆಯ ತಳವನ್ನು ಜರಡಿ ಮಾಡಿತ್ತು.

"ಪೆಟ್ಟಿಗೆ ಸರಿಹೋದ್ರೆ ಟ್ರ್ಯಾಕ್ಟರ್ ಇರ್ಲಿ, ಇಲ್ದಿದ್ರೆ ಗುಜರಿಗೆ" ಎಂದ ಮಗ.

ವೆಲ್ಡಿಂಗ್ ಬಲ್ಲ ಸೊಸೆಯೂ ನಾನೂ ಟೊಂಕ ಕಟ್ಟಿದೆವು. ಅಡುಗೆ ಸೋಡಾ ಕಲಸಿದ ನೀರು ಹೊಯ್ದರೆ ಆಸಿಡ್ ಇರುವಲ್ಲಿ ನೊರೆ ಉಕ್ಕುತ್ತದೆ. ನೊರೆ ನಿಂತ ಮೇಲೆಯೇ ಬಣ್ಣ ಹಚ್ಚಬೇಕು. ಒಂದು ಕೆರೆಯಷ್ಟು ನೀರು ಹೊಯ್ದೆ. ಎಲ್ಲ ಕಡೆ ನೊರೆ ನಿಂತಿತು, ಸೀಟಿನ ಕೆಳಗಿನ ಒಂದು ಮೂಲೆ ಬಿಟ್ಟು. ಆ ಮೂಲೆ ಬೆಚ್ಚಗೂ ಇತ್ತು, ಆಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ.

"ಬಿಸಿಲು ಬಿದ್ದಿರ್ಬೇಕು ಅತ್ತೆ."

"ಸೂರಿನ ಕೆಳಗೆ ಯಾವ ಬಿಸಿಲೇ? ನಿಮ್ಮ ಮಾವ ಬಂದಿರ್ಬೇಕು. ಮೈಮೇಲೆ ನೀರು ಬಿದ್ರೆ ಹೀಗೇ ಉರೀತಿದ್ರು."

ಸೊಸೆ ನಗುತ್ತಲೇ ಆ ಮೂಲೆಯನ್ನು ಕತ್ತರಿಸಿ ಅಂಗಳಕ್ಕೆಸೆದು, ಅಂಗಡಿಯಿಂದ ತಂದ ಹೊಸ ತಗಡು ಬೆಸೆದಳು. ಅದು ತಣ್ಣಗಾಗಲೆಂದು ಬಿಟ್ಟು ಊಟಕ್ಕೆ ಹೋದೆವು. ಬಂದು, ತಮಾಷೆಗೆ ಸೋಡಾ ನೀರು ಚಿಮುಕಿಸಿದೆ. ಹೊಸ ತಗಡು ಬುಸುಬುಸು ಉಕ್ಕಿತು. ಸೊಸೆ ನಗಲಿಲ್ಲ.

ಮಗನನ್ನು ಕರೆದೆವು. ಅವನು ಹೊಯ್ದಾಗಲೂ ಉಕ್ಕಿತು. ತಗಡಿನ ಮೇಲಿಟ್ಟ ಅಂಗೈಯನ್ನು ಅವನು ಬಹಳ ಹೊತ್ತು ತೆಗೆಯಲಿಲ್ಲ.

"ಗುಜರಿಯವನಿಗೆ ಬರ್ಬೇಡ ಅಂತೀನಮ್ಮ" ಎಂದ, ಮೆಲ್ಲಗೆ.

ನನಗೆ ಕುತೂಹಲ ತಡೆಯಲಿಲ್ಲ. ಅಂಗಳಕ್ಕೆ ಹೋಗಿ, ಸೊಸೆ ಎಸೆದಿದ್ದ ಹಳೇ ತುಂಡನ್ನು ಹುಡುಕಿ, ಉಳಿದ ನೀರನ್ನೆಲ್ಲ ಅದರ ಮೇಲೆ ಸುರಿದೆ. ಆಸಿಡ್ ತಿಂದು ಕಾಗದದಂತಾಗಿದ್ದ ಆ ತುಂಡಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.